ನೀಟ್ ಪುಸ್ತಕದ ಮೀನುಗಾರ

ಒಂಬತ್ತನೇ ತರಗತಿಯ ಮಕ್ಕಳ ಮೂವತ್ತಾರು ನೀಟ್ ಪುಸ್ತಕಗಳ ಪೈಕಿ ಮೂವತ್ತೈದರಲ್ಲಿ ಮೀನುಗಾರನೊಬ್ಬ ಮುಂಜಾನೆಯ ಆಹ್ಲಾದಕರ ವಾತಾವರಣದಲ್ಲಿ ಬಲೆ ಬೀಸುತ್ತಿದ್ದ. ಹಕ್ಕಿಗಳು ಇಂಪಾಗಿ ಹಾಡುತ್ತಿದ್ದವು. ಸೂರ್ಯನು ತನ್ನ ಹೊಂಗಿರಣಗಳನ್ನು ಎಲ್ಲೆಡೆ ಪಸರಿಸಿದ್ದನು. ಕೊನೆಯ ಸಾಲಿನಲ್ಲಿ, ಮೂವತ್ತೈದರಲ್ಲೂ, ಮೀನುಗಾರರು ನಮ್ಮ ದೇಶದ ಆರ್ಥಿಕತೆಯ ಬೆನ್ನೆಲುಬಾಗಿದ್ದರು.

ಮಕ್ಕಳು ನೋಡಿ ಬರೆಯಬೇಕಿದ್ದ ಆ ವಿಡಿಯೋ ತೆಗೆದವಳು ನಾನೇ. ಗೊರೂರಿನ ಹಿನ್ನೀರಿನ ದಡದಲ್ಲಿ, ಮಧ್ಯಾಹ್ನ ಮೂರು ಗಂಟೆಯ ಬಿಸಿಲಲ್ಲಿ, ಕಾಲು ಜಾರಿದರೆ ಮೊದಲು ಫೋನ್ ನೀರಿಗೆ ಹೋಗುತ್ತದೋ ನಾನು ಹೋಗುತ್ತೇನೋ ಎಂದು ಯೋಚಿಸುತ್ತಾ ತೆಗೆದದ್ದು. ಅಲ್ಲಿ ಮುಂಜಾನೆ ಇರಲಿಲ್ಲ. ಹಕ್ಕಿಯೂ ಇರಲಿಲ್ಲ. ಆತ ಬಲೆ ಬೀಸಲೂ ಇಲ್ಲ. ಮೂರು ನಿಮಿಷ ಪೂರ್ತಿ, ಮಗುಚಿಟ್ಟ ತೆಪ್ಪಕ್ಕೆ ಒರಗಿ ಕೂತು, ಹರಿದ ಬಲೆಯನ್ನು ಹೊಲಿಯುತ್ತಿದ್ದ.

ಮೂವತ್ತಾರನೆಯ ಪುಸ್ತಕದಲ್ಲಿ ಏನೂ ಇರಲಿಲ್ಲ.

ತುಂಬಿದ ಪುಸ್ತಕಗಳನ್ನು ನೋಡಿ ನನಗೆ ಸಿಟ್ಟು ಬಂತು, ಖಾಲಿ ಪುಸ್ತಕವನ್ನು ಮಾತ್ರ ಎರಡು ಸಲ ತಿರುವಿ ನೋಡಿದೆ. ಆ ಪುಸ್ತಕದ ಹುಡುಗಿಗೆ ಸ್ವಂತವಾಗಿ ಒಂದು ಪುಟ ಬರೆಯಲು ಉಳಿದಿದ್ದದ್ದು ಇನ್ನು ಮೂರೇ ವಾರ.

ನಾನು ಹೊಳೆನರಸೀಪುರದಲ್ಲಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿ. ಮನೆ ಹಾಸನದಲ್ಲಿ. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಬಸ್ಸು ಊರು ದಾಟುವವರೆಗೆ ಚಿಂತಿಸಿ, ಮಿಕ್ಕ ದಾರಿಗೆ ಬೇರೊಂದು ಚಿಂತೆ ಹುಡುಕಿಕೊಳ್ಳುವುದು ನನ್ನ ದಿನಚರಿ. ದಸರಾ ರಜೆ ಮುಗಿದ ವಾರ ಹಾಸನದಲ್ಲಿ ನಮಗೊಂದು ಸಭೆ ಇತ್ತು. ಮಕ್ಕಳ ಬರವಣಿಗೆ ಸುಧಾರಿಸಲು ದೃಶ್ಯ ಮಾಧ್ಯಮದ ಬಳಕೆ ಎಂಬುದು ವಿಷಯ. ಅಧಿಕಾರಿಗಳು, ನಿಮ್ಮಲ್ಲಿ ವಿಡಿಯೋ ಮಾಡಿ ಅನುಭವ ಇರುವವರು ಯಾರು ಎಂದು ಕೇಳಿದರು. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ನನ್ನ ಕೈಯನ್ನು ತಾವೇ ಹಿಡಿದು ಎತ್ತಿದರು. ಶಾಲೆ ಮುಚ್ಚಿದ್ದ ಕೊರೊನಾ ದಿನಗಳಲ್ಲಿ ನಾನು ಪಾಠದ ವಿಡಿಯೋಗಳನ್ನು ಮಾಡಿದ್ದೆ, ನಿಜ. ಅವನ್ನು ಪೂರ್ತಿ ನೋಡಿದವರು ಹನ್ನೊಂದು ಜನ, ಅದರಲ್ಲಿ ನಾಲ್ಕು ಸಲ ನಾನೇ ಎಂಬುದನ್ನು ಹೇಳುವಷ್ಟರಲ್ಲಿ ಹೆಸರು ಬರೆದುಕೊಂಡಾಗಿತ್ತು.

ಮೂರು ಶಾಲೆ ಕೊಟ್ಟರು. ಒಂದು ನನ್ನದೇ, ಇನ್ನೊಂದು ಚನ್ನರಾಯಪಟ್ಟಣದ ಹತ್ತಿರದ್ದು, ಮೂರನೆಯದು ಅರಕಲಗೂಡಿನಿಂದ ಮಲ್ಲಿಪಟ್ಟಣದ ಕಡೆ ಹೋಗುವ ದಾರಿಯಲ್ಲಿನ ಒಂದು ಹಳ್ಳಿಯದು. ಮೂರರಲ್ಲೂ ಒಂಬತ್ತನೇ ತರಗತಿ. ಶನಿವಾರ ಒಂದೊಂದು ಶಾಲೆಗೆ ಹೋಗಿ ವಿಡಿಯೋ ತೋರಿಸಿ ಬರೆಸಬೇಕು, ಫೆಬ್ರವರಿ ಕೊನೆಗೆ ವರದಿ ಕೊಡಬೇಕು.

ಅರಕಲಗೂಡಿನ ಕಡೆಯ ಶಾಲೆಗೆ ಮೊದಲ ಸಲ ಹೋದಾಗಲೇ ಅಲ್ಲಿಯ ಹೆಡ್‌ಮಾಸ್ಟರು ಮೇಜಿನ ಗಾಜಿನ ಕೆಳಗಿಂದ ಒಂದು ಚೀಟಿ ಎಳೆದು ತೋರಿಸಿದರು. ಅವರು ಅದೇ ಸೀಮೆಯ ಬೇಸಾಯದ ಮನೆತನದವರು, ಶಾಲೆಯಿಂದ ಎರಡು ಮೈಲಿಯಲ್ಲಿ ಸ್ವಂತ ಜಮೀನು, ಮಾತು ಖಡಾಖಂಡಿತ. ಚೀಟಿಯಲ್ಲಿ ಹತ್ತಕ್ಕೆ ಏರಿಸಬಾರದವರು ಎಂದು ಬರೆದು ಕೆಳಗೆ ಒಂದೇ ಒಂದು ಹೆಸರು.

"ಅಂಗೇ ಕೂತಿರ್ತಾಳೆ ಮೇಡಂ. ಪರೀಕ್ಷೇಲಿ ಹೆಸ್ರು ಬರೀತಾಳೆ, ನಂಬರ್ ಬರೀತಾಳೆ, ಅಷ್ಟೇಯ. ಇವ್ಳನ್ನ ಏರಿಸ್ಬುಟ್ರೆ ಬೋರ್ಡ್ ಪರೀಕ್ಷೇಲಿ ನಮ್ ಮಾನ ಕಳೀತಾಳೆ. ಇನ್ನೊಂದು ವರ್ಷ ಒಂಬತ್ರಲ್ಲೇ ಕೂರ್ಲಿ ಅಂತ."

ಹುಡುಗಿಯ ತಾಯಿ ಅಂದು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದರು. ಕರೆಸಿ ವಿಷಯ ತಿಳಿಸಿದ್ದರಂತೆ. "ಇನ್ನೊಂದು ವರ್ಸ ಅಲ್ಲೇ ಕೂರ್ಸೋದಾದ್ರೆ ಬ್ಯಾಡ ಬುಡಿ ಸಾ," ಎಂದರು ಆಕೆ, ಜಗಳದ ದನಿಯಲ್ಲೇನೂ ಅಲ್ಲ. "ಚನ್ರಾಯಪಟ್ಣದಲ್ಲಿ ನನ್ ತಂಗಿ ಕೂಸೆತ್ಕೊಂಡು ಒದ್ದಾಡ್ತಾವ್ಳೆ. ಇವ್ಳು ಅಲ್ಲಾದ್ರೂ ಓಗಿ ಕೂಸು ನೋಡ್ಕಳ್ಳಿ."

ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. "ಫೆಬ್ರವರಿವರೆಗೆ ಬಿಡಿ ಸಾರ್, ಒಂದು ಪುಟ ಸ್ವಂತವಾಗಿ ಬರೆದರೆ?" ಎಂದು ಕೇಳಿಬಿಟ್ಟೆ.

ಅವರು ನನ್ನ ಚೀಲದಿಂದ ಹೊರಗೆ ಇಣುಕುತ್ತಿದ್ದ ಎಕ್ಸ್‌ಟೆನ್ಷನ್ ಬೋರ್ಡನ್ನು ಒಂದು ಸಲ ನೋಡಿದರು. "ಸ್ವಂತವಾಗಿ ಒಂದು ಪುಟ ಬರೆದ್ರೆ ಹೆಸ್ರು ಹೊಡೆದಾಕ್ತೀನಿ. ನಿಮ್ ಸಿನ್ಮಾ ಅದೇನ್ ಮಾಡ್ತದೋ ನೋಡವ," ಎಂದರು.

ಹೀಗೆ ಒಂದು ಹುಡುಗಿಯ ವರ್ಷವನ್ನು ನಾನು ನನ್ನ ಚಿಂತೆಗಳ ಪಟ್ಟಿಗೆ ಸೇರಿಸಿಕೊಂಡೆ.

ಸಿನಿಮಾ ಮೊದಲ ತಿಂಗಳು ಏನೂ ಮಾಡಲಿಲ್ಲ, ಯಾಕೆಂದರೆ ಕಾಣಿಸಲೇ ಇಲ್ಲ. ಇಲಾಖೆ ಕೊಟ್ಟ ಪ್ರೊಜೆಕ್ಟರಿನ ಬೆಳಕು ಬಡಕಲು, ನಮ್ಮ ಶಾಲೆಗಳ ಕಿಟಕಿಗಳು ದೊಡ್ಡವು. ಬೆಳಗಿನ ಬಿಸಿಲು ನೇರವಾಗಿ ಗೋಡೆಗೆ ಬಡಿದು ಚಿತ್ರ ಬರೀ ಬೂದಿ ಬಣ್ಣವಾಗುತ್ತಿತ್ತು. ನೀಲಿ ಟಾರ್ಪಾಲು ಕಟ್ಟಿದೆವು. ಕೋಣೆಯೆಲ್ಲ ನೀಲಿಯಾಯಿತು. ಮನೆಯಿಂದ ಎರಡು ಹಳೆಯ ಕಂಬಳಿ ಹೊತ್ತು ತಂದೆ. ಬಸ್ಸಿನಲ್ಲಿ ಕಂಡಕ್ಟರು, "ಏನ್ ಮೇಡಮ್ಮೋರೆ, ಸ್ಕೂಲಲ್ಲೇ ಮಲಗ್ತೀರಾ ಇವತ್ತು?" ಎಂದು ಕೇಳಿದ್ದಕ್ಕೆ ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಂಬಳಿ ಕಟ್ಟಿದ ದಿನ ಕರೆಂಟು ಇರಲಿಲ್ಲ. ಕರೆಂಟು ಇದ್ದ ದಿನ ಪ್ರೊಜೆಕ್ಟರಿಗೂ ಲ್ಯಾಪ್‌ಟಾಪಿಗೂ ನಡುವಿನ ತಂತಿಯನ್ನು ನಾನು ಹಾಸನದಲ್ಲೇ ಊಟದ ಮೇಜಿನ ಮೇಲೆ ಬಿಟ್ಟು ಬಂದಿದ್ದೆ.

ಕೊನೆಗೊಂದು ಶನಿವಾರ ಎಲ್ಲವೂ ಕೂಡಿಬಂತು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಹಿಮಕರಡಿಯ ವಿಡಿಯೋ, ಹಿಂದೆ ಗಂಭೀರ ದನಿಯ ಕನ್ನಡ ವಿವರಣೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಬರೆಯಿರಿ ಎಂದಾಗ ಆ ದನಿ ಹೇಳಿದ್ದನ್ನೇ ನೆನಪಿಗೆ ಬಂದಷ್ಟು ಬರೆದರು. ನಾನು ಮಾಡಿಸಿದ್ದು ಉಕ್ತಲೇಖನ, ಮಧ್ಯೆ ಒಂದು ಕರಡಿ ಬಂದು ಹೋಗಿತ್ತು.

ಹಾಗಾಗಿ ದನಿ ತೆಗೆದುಹಾಕಿದೆ. ಮುಂದಿನ ಸಲ ವಿಡಿಯೋ ಸದ್ದಿಲ್ಲದೆ ಓಡಿತು. ಮುಗಿದ ತಕ್ಷಣ ಮೂವತ್ತಾರು ಜನ ಒಟ್ಟಿಗೆ, "ಮಿಸ್, ಪಾಯಿಂಟ್ಸ್ ಕೊಡಿ," ಎಂದರು. ಪಾಯಿಂಟ್ಸ್ ಇಲ್ಲ, ನೀವು ನೋಡಿದ್ದನ್ನೇ ಬರೀರಿ ಎಂದೆ. "ಪೀಠಿಕೆಗೆ ಏನ್ ಬರೀಬೇಕು ಮಿಸ್?" ಪೀಠಿಕೆಯೂ ಬೇಡ ಎಂದೆ. ಮೊದಲ ಬೆಂಚಿನ ಹುಡುಗನೊಬ್ಬ ಪಕ್ಕದವನ ಕಿವಿಯಲ್ಲಿ, "ಮಿಸ್‌ಗೇ ಗೊತ್ತಿಲ್ಲ ಕಣ್ಲಾ," ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಹಿಮಕರಡಿ ಈ ಮಕ್ಕಳಿಗೆ ದೂರ, ಅವರಿಗೆ ಗೊತ್ತಿರುವುದನ್ನೇ ತೋರಿಸಬೇಕು ಎಂದು ಆಮೇಲೆ ಹೊಳೆಯಿತು. ಅದಕ್ಕೇ ಒಂದು ಭಾನುವಾರ ಗೊರೂರಿನ ಬಸ್ಸು ಹತ್ತಿ ಹೋಗಿ ಆ ಬಲೆ ಹೊಲಿಯುವವನ ವಿಡಿಯೋ ತೆಗೆದದ್ದು. ಕೇಳಿಯೇ ತೆಗೆದೆ. "ಟೀವೀಲಿ ಬತ್ತದಾ?" ಎಂದ ಆತ.

"ಇಲ್ಲಪ್ಪ, ಒಂಬತ್ತನೇ ಕ್ಲಾಸಲ್ಲಿ ಬರುತ್ತೆ."

"ಅಲ್ಲಿಗಂಟ ನಾನು ಓದೇ ಇಲ್ವಲ್ಲ ತಾಯಿ," ಎಂದು ಮತ್ತೆ ತಲೆ ತಗ್ಗಿಸಿದ.

ಈ ಸಲ ಕ್ರಮವನ್ನೂ ಬದಲಿಸಿದೆ. ಒಂದು ಹಾಳೆಯಲ್ಲಿ ಐದು ಅಂಶ ಟೈಪ್ ಮಾಡಿ ಮೂರೂ ಶಾಲೆಯ ಕನ್ನಡ ಶಿಕ್ಷಕರಿಗೆ ಕೊಟ್ಟೆ. ಮೊದಲು ಒಮ್ಮೆ ಸುಮ್ಮನೆ ನೋಡುವುದು. ಎರಡನೇ ಸಲ ನಡುನಡುವೆ ನಿಲ್ಲಿಸಿ ನೋಡುವುದು. ಪೆನ್ನು ಮುಟ್ಟದೆ ಪಕ್ಕದವರಿಗೆ ಹೇಳುವುದು. ಆಮೇಲೆ ಅರ್ಧ ಗಂಟೆ ರಫ್ ಹಾಳೆಯಲ್ಲಿ ಬರೆಯುವುದು. ಐದನೆಯದಾಗಿ, ತಿದ್ದಿದ ಉತ್ತಮ ಬರವಣಿಗೆಯನ್ನು ನೀಟ್ ಪುಸ್ತಕಕ್ಕೆ ಇಳಿಸಿ ನನಗೆ ತೋರಿಸುವುದು. ರಫ್ ಬರೆಯಲು ನಮ್ಮ ಶಾಲೆಯ ಆಫೀಸಿನಿಂದ ಒಂದು ಬದಿ ಪ್ರಿಂಟಾದ ಹಾಳೆಗಳನ್ನು ಕಟ್ಟುಗಟ್ಟಲೆ ಹೊತ್ತುಕೊಂಡು ಹೋಗಿದ್ದೆ.

ಅರಕಲಗೂಡಿನ ಕಡೆಯ ಆ ಶನಿವಾರ ನಿಜಕ್ಕೂ ಚೆನ್ನಾಗಿತ್ತು. ಪಕ್ಕದವರಿಗೆ ಹೇಳಿ ಎಂದಾಗ ಕೋಣೆ ಸಂತೆಯಾಯಿತು. "ಅವ್ನ್ ಬೀಡಿ ನೋಡ್ದಾ?" "ಆ ದಾರ ನೈಲಾನ್ ಕಣೇ, ನಮ್ಮನೇಲೂ ಅದೆ." ಆಮೇಲೆ ಬರೆಯಲು ಕೂತರು. ಚೀಟಿಯ ಹುಡುಗಿ ಮೂರನೇ ಬೆಂಚಿನ ತುದಿಯಲ್ಲಿ ಹಾಳೆಗೆ ಮೂಗು ತಾಗುವಷ್ಟು ಬಗ್ಗಿ ಕೂತಿದ್ದಳು. ಅವಳ ಪೆನ್ನು ಆಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಹತ್ತಿರ ಹೋದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂಬ ಭಯಕ್ಕೆ ಹೋಗಲಿಲ್ಲ. ಹನ್ನೊಂದೂ ಮುಕ್ಕಾಲರ ಬಸ್ಸಿತ್ತು. ಹಾಳೆಗಳನ್ನು ಅಲ್ಲಿಯ ಕನ್ನಡ ಮೇಷ್ಟ್ರ ಕೈಗೆ ಕೊಟ್ಟು ಓಡಿದೆ.

ಮೂರು ವಾರದ ಮೇಲೆ ಹೋದಾಗ ಕಂಡದ್ದೇ ಮುಂಜಾನೆ, ಹೊಂಗಿರಣ, ಬೆನ್ನೆಲುಬು. ತಪ್ಪಿಲ್ಲದ್ದರಿಂದ, ಸಿಟ್ಟಿನಲ್ಲೂ, ಅಭ್ಯಾಸದಂತೆ ಮೂವತ್ತೈದಕ್ಕೂ ಗುಡ್ ಎಂದು ಬರೆದೆ.

ಹುಡುಗಿಯನ್ನು ಕರೆದು ಖಾಲಿ ಪುಸ್ತಕ ತೋರಿಸಿ ಕೇಳಿದೆ. "ನೀನು ಬರೆದಿದ್ದನ್ನ ನಾನು ನೋಡಿದೀನಿ. ಎಲ್ಲಿ?"

"ಅರ್ದಕ್ಕೇ ನಿಂತೋಯ್ತು ಮಿಸ್."

ಅದಕ್ಕೆ ನಾನು ಕೊಟ್ಟ ಉಪನ್ಯಾಸ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅರ್ಧಕ್ಕೆ ನಿಲ್ಲಿಸಬಾರದು, ಛಲ ಇರಬೇಕು, ನಿಮ್ಮಮ್ಮ ಎಷ್ಟು ಕಷ್ಟಪಡುತ್ತಾರೆ ಗೊತ್ತಾ. ಹತ್ತು ನಿಮಿಷ. ಅವಳು ತನ್ನ ನೀಟ್ ಪುಸ್ತಕದ ಅಂಚನ್ನು ಸವರುತ್ತಾ ನಿಂತಿದ್ದಳು. ಆ ಪುಸ್ತಕ ಉಳಿದವರದ್ದಕ್ಕಿಂತ ತೆಳ್ಳಗಿತ್ತು. ಅದನ್ನು ಗಮನಿಸಿದೆ, ಯಾಕೆಂದು ಕೇಳಲಿಲ್ಲ.

ಚನ್ನರಾಯಪಟ್ಟಣದ ಶಾಲೆಗೆ ಫೋನ್ ಮಾಡಿ ಪುಸ್ತಕಗಳ ಫೋಟೋ ತರಿಸಿಕೊಂಡೆ. ಅಲ್ಲಿ ಮೀನುಗಾರ ಮುಂಜಾನೆ ಎದ್ದು ದೇವರಿಗೆ ಕೈ ಕೂಡ ಮುಗಿದಿದ್ದ. ಹೊಳೆನರಸೀಪುರದ ನಮ್ಮದೇ ಶಾಲೆಯಲ್ಲಿ ಸಹೋದ್ಯೋಗಿ ನೋಡಿಕೊಳ್ಳುವ ಒಂಬತ್ತನೇ ತರಗತಿಯ ಪುಸ್ತಕಗಳನ್ನು ತೆಗೆದು ನೋಡಿದೆ. ನಲವತ್ತೂ ಒಂದೇ ಅಚ್ಚು. ಮಕ್ಕಳು ಮಾತಾಡುವಾಗ ಬೀಡಿ, ದಾರ, ಎಲ್ಲ ಕಂಡಿದ್ದರು. ಬರೆದಾಗ ಅದೆಲ್ಲ ಎಲ್ಲಿಗೆ ಹೋಗುತ್ತದೆ? ಮನೆಯಲ್ಲಿ ಊಟದ ಹೊತ್ತಿಗೂ ಇದೇ ಮಾತು. "ಆ ಮೀನುಗಾರನ್ನ ಸ್ವಲ್ಪ ಹೊರಗೆ ಕೂರಿಸು, ಅನ್ನ ಆರಿಹೋಗ್ತಿದೆ," ಎಂದರು ನಮ್ಮ ಯಜಮಾನರು.

ಸೋಮವಾರ ರಜೆ ಹಾಕಿ, ಯಾರಿಗೂ ಹೇಳದೆ, ಅರಕಲಗೂಡಿನ ಕಡೆಯ ಬಸ್ಸು ಹತ್ತಿದೆ. ಖಾಲಿ ಪುಸ್ತಕ ಕಂಡ ಶನಿವಾರವೇ ಅಲ್ಲಿ ಇನ್ನೊಂದು ವಿಡಿಯೋ ತೋರಿಸಿ ಬರೆಸಿದ್ದೆ. ಅದರ ರಫ್ ಹಾಳೆಗಳಿಗೆ ಏನಾಗುತ್ತದೆ ಎಂಬುದನ್ನು ನೋಡಬೇಕಿತ್ತು.

ನಾನು ತಲುಪಿದಾಗ ಕೊನೆಯ ಪೀರಿಯಡ್. ಒಂಬತ್ತನೇ ತರಗತಿಯ ಹಿಂಬಾಗಿಲಲ್ಲಿ ನಿಂತುಕೊಂಡೆ. ಕನ್ನಡ ಮೇಷ್ಟ್ರು ಚಿಕ್ಕ ವಯಸ್ಸಿನವರು, ಕೆಲಸಕ್ಕೆ ಸೇರಿ ಎರಡು ವರ್ಷವಾಗಿರಬೇಕು, ಪಾಪ, ಶ್ರದ್ಧಾವಂತರು. ಕ್ಲಾಸಿನಲ್ಲಿ ದುಂಡಗೆ ಬರೆಯುವ ಹುಡುಗಿಯೊಬ್ಬಳ ರಫ್ ಹಾಳೆಯನ್ನು ಕೈಯಲ್ಲಿ ಹಿಡಿದು, ಅದಕ್ಕೆ ತಮ್ಮದೊಂದು ಪೀಠಿಕೆ, ತಮ್ಮದೊಂದು ಉಪಸಂಹಾರ ಸೇರಿಸಿ, ಪೂರ್ತಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಮೂವತ್ತಾರು ಜನ ಅದನ್ನು ನೀಟ್ ಪುಸ್ತಕಕ್ಕೆ ಇಳಿಸುತ್ತಿದ್ದರು. ಎಡಗಡೆ ಕೆಂಪು ಮಾರ್ಜಿನ್, ಮೇಲೆ ದಿನಾಂಕ. ಬೋರ್ಡ್ ತುಂಬಿದಾಗ ಮೇಷ್ಟ್ರು ಮೇಲಿನ ಅರ್ಧ ಅಳಿಸಿ ಮುಂದುವರಿಸಿದರು. ಚೀಟಿಯ ಹುಡುಗಿ ಇನ್ನೂ ಮೂರನೇ ಸಾಲು ಇಳಿಸುತ್ತಿದ್ದಳು. ಅವಳ ಕೈ ಅಷ್ಟೇ ನಿಧಾನ. ಬೋರ್ಡ್ ಅಳಿಸಿದ್ದು ನೋಡಿ ಪೆನ್ನು ಕೆಳಗಿಟ್ಟಳು.

ಗಂಟೆ ಹೊಡೆಯಿತು. ಲೀಡರ್ ಹುಡುಗಿ ಬೆಂಚಿನಿಂದ ಬೆಂಚಿಗೆ ಬಂದು ಇಣುಕಿದಳು. "ನಿಂದು ಅರ್ದ ಅಲ್ವಾ? ಹರಿ."

ಹುಡುಗಿ ಪುಟವನ್ನು ಅಂಚಿನಿಂದ ನೀಟಾಗಿ ಹರಿದು ಕೊಟ್ಟಳು. ಅರ್ಧಂಬರ್ಧ ಪುಟ ನೀಟ್ ಪುಸ್ತಕದಲ್ಲಿ ಇರಬಾರದು ಎಂಬುದು ಆ ಕ್ಲಾಸಿನ ನಿಯಮ. ಪುಸ್ತಕ ಯಾಕೆ ತೆಳ್ಳಗಿತ್ತು ಎಂಬುದು ಆಗ ತಿಳಿಯಿತು.

ಮೇಷ್ಟ್ರು ನನ್ನನ್ನು ನೋಡಿ ಬೆಚ್ಚಿದರು. ಮಕ್ಕಳು ಹೋದ ಮೇಲೆ ನಾನು ಕೇಳುವ ಮೊದಲೇ ಅವರೇ ಹೇಳಿದರು. "ಮೇಡಂ, ನೀವು ಪುಸ್ತಕ ನೋಡಿದಾಗ ತಪ್ಪಿಲ್ಲ ಅಂದ್ರೆ ಗುಡ್ ಅಂತ ಬರೀತೀರ. ಹೋದ ಸಲ ಮೂವತ್ತೈದು ಗುಡ್ ಬಂದಿತ್ತು. ಹೆಡ್‌ಮಾಸ್ಟ್ರು ಸ್ಟಾಫ್ ಮೀಟಿಂಗಲ್ಲಿ ಹೇಳಿದ್ರು. ನಿಮ್ಮ ಹಾಳೇಲೂ ಐದನೇದು ಅದೇ ಅಲ್ವಾ? ತಿದ್ದಿ ನೀಟಿಗೆ ಇಳಿಸಿ ಅಂತ. ಮೂವತ್ತಾರು ಹಾಳೆ ಒಂದೊಂದಾಗಿ ತಿದ್ದೋಕೆ ನನಗೆ ಉಳಿದ ಕ್ಲಾಸೂ ಇದಾವಲ್ಲ. ಅದಕ್ಕೆ ಚೆನ್ನಾಗಿರೋದು ಒಂದು ಆರಿಸ್ತೀನಿ."

ಅವರ ಮೇಲೆ ಹರಿಹಾಯಲು ಬಂದಿದ್ದ ನಾನು ಮೊದಲ ಬೆಂಚಿನ ಮೇಲೆ ಕೂತುಬಿಟ್ಟೆ. ಇಪ್ಪತ್ತೆರಡು ವರ್ಷದಿಂದ ನಾನು ಮಾಡುತ್ತಾ ಬಂದದ್ದು ಅದನ್ನೇ. ನಮ್ಮ ಮೇಷ್ಟ್ರು ನಮಗೆ ಮಾಡಿದ್ದೂ ಅದೇ. ಹಿಮಕರಡಿಯನ್ನು ತೆಗೆದೆ, ದನಿಯನ್ನು ತೆಗೆದೆ, ಪಾಯಿಂಟ್ಸ್ ತೆಗೆದೆ. ಐದನೇ ಅಂಶವನ್ನು ಮಾತ್ರ ನಾನೇ ಟೈಪ್ ಮಾಡಿ, ಲ್ಯಾಮಿನೇಷನ್ ಮಾಡಿಸಿ, ಮೂರು ಶಾಲೆಗೂ ಹಂಚಿದ್ದೆ.

"ರಫ್ ಹಾಳೆಗಳು ಎಲ್ಲಿ?"

"ಬಿಸಿಯೂಟದ ಅಕ್ಕ ತಗೊಂಡು ಹೋಗ್ತಾರೆ ಮೇಡಂ. ನೀರೊಲೆಗೆ."

ಅಡುಗೆಕೋಣೆಗೆ ಹೋದೆವು. ಅಡುಗೆಯಾಕೆ ಪಾತ್ರೆ ತೊಳೆದು ಮನೆಗೆ ಹೊರಟಿದ್ದರು. ಕಂಕುಳಲ್ಲಿ ಗೊಬ್ಬರದ ಚೀಲ, ಅದರೊಳಗೆ ಕಾಗದ.

"ಇದಾ? ಇದರಲ್ಲೇನೈತೆ ಮಿಸ್ಸಮ್ಮ, ಮಕ್ಳು ಗೀಚಿರೋದು. ಹಳೇವು ಮುಕ್ಕಾಲು ಉರಿಸ್ಬುಟ್ಟೆ, ತಳದಲ್ಲಿ ಒಂದಷ್ಟು ಅವೆ," ಎಂದು ಚೀಲವನ್ನು ಜಗುಲಿಯ ಮೇಲೆ ಕೊಡವಿದರು. ಕೂತು ಒಂದೊಂದೇ ಬಿಡಿಸಿದೆವು. ಅಡುಗೆಯಾಕೆಯೂ ಕೂತು, ತಮ್ಮ ಮಗನದೇನಾದರೂ ಇದೆಯಾ ಎಂದು ಹುಡುಕಿದರು. ಬೀಡಿಯ ಮಾತಾಡಿದ್ದ ಹುಡುಗ ಬರೆದಿದ್ದ: ಅವನ ಬೀಡಿ ಆರಿ ಹೋಗಿದೆ ಅವನಿಗೆ ಗೊತ್ತಿಲ್ಲ ಸುಮ್ಮನೆ ಎಳೀತಾವನೆ. ಒಬ್ಬಳು ಬಲೆಯ ತೂತುಗಳನ್ನು ಎಣಿಸಿದ್ದಳು. ಚೀಟಿಯ ಹುಡುಗಿಯ ಹಾಳೆ ಒದ್ದೆಯಾಗಿ ಮಡಚಿಕೊಂಡಿತ್ತು. ಹಿಂದೆ ನಮ್ಮ ಶಾಲೆಯ ಹಾಜರಾತಿ ಪ್ರಿಂಟು, ಮುಂದೆ ತುದಿಯಿಂದ ತುದಿಗೆ ಅವಳ ಅಕ್ಷರ.

"ಅವನು ಕಾಲಿನ ಹೆಬ್ಬೆಟ್ಟಿಗೆ ಬಲೆ ಸಿಗಾಕೊಂಡವನೆ. ಆ ಹೆಬ್ಬೆಟ್ಟಿಗೆ ಉಗುರು ಇಲ್ಲ. ದಾರ ಎಳೆದಾಗೆಲ್ಲ ಆ ಬೆರಳು ಒಂದೇ ಬಗ್ಗುತ್ತೆ ಬೇರೆ ಬೆರಳು ಬಗ್ಗಲ್ಲ. ಮಿಸ್ಸು ವಿಡಿಯೋ ತೆಗಿತಾವರೆ ಅಂತ ಅವನಿಗೆ ಗೊತ್ತು ಅದಕ್ಕೆ ಮೇಲೆ ನೋಡಲ್ಲ. ನಮ್ಮಪ್ಪನೂ ಯಾರಾದರೂ ನೋಡ್ತಾ ನಿಂತರೆ ಕೆಲಸ ಇನ್ನೂ ನಿದಾನ ಮಾಡುತ್ತೆ."

ಆ ವಿಡಿಯೋವನ್ನು ನಾನು ಮೂವತ್ತು ಸಲವಾದರೂ ನೋಡಿದ್ದೆ. ಅಲ್ಲೇ ಫೋನ್ ತೆಗೆದು ಮತ್ತೆ ನೋಡಿದೆ. ಉಗುರು ಇರಲಿಲ್ಲ.

"ಇದನ್ನೇ ಹೆಡ್‌ಮಾಸ್ಟರಿಗೆ ತೋರಿಸ್ತೀನಿ. ವರದಿಗೂ ಇವೇ ಹೋಗ್ಲಿ," ಎಂದೆ.

ಮೇಷ್ಟ್ರ ಮುಖ ಇಳಿದುಹೋಯಿತು. "ಮೇಡಂ, ಒಂದೊಂದು ಸಾಲಿಗೂ ತಪ್ಪು ಇದೆ. ಅಧಿಕಾರಿಗಳು ನೋಡಿದ್ರೆ ಎರಡು ವರ್ಷದಿಂದ ಏನು ಪಾಠ ಮಾಡಿದೀಯಪ್ಪಾ ಅಂತ ನನ್ನ ಕೇಳ್ತಾರೆ."

ಅವರು ಹೇಳಿದ್ದು ಸುಳ್ಳಲ್ಲ. ನನಗೂ ಭಯವಿತ್ತು. ಈ ಹಾಳೆಗಳ ಜೊತೆಗೆ, ಮೂರು ತಿಂಗಳು ಮೂರು ಶಾಲೆಯಲ್ಲಿ ನಾನು ಏನು ಮಾಡಿದೆ ಎಂಬುದನ್ನೂ ಬರೆಯಬೇಕಾಗುತ್ತಿತ್ತು. ನೀಟ್ ಪುಸ್ತಕಗಳ ನೂರು ಪ್ರತಿ ಕಟ್ಟಿ ಕಳುಹಿಸಿದ್ದರೆ ಯಾರೂ ಒಂದು ಮಾತು ಕೇಳುತ್ತಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಎರಡು ಸಲ ಮನಸ್ಸು ಬದಲಿಸಿದೆ. ಹಾಸನ ಬಂದಾಗ ಇಳಿದು, ಟೈಪಿಂಗ್ ಅಂಗಡಿಗೆ ಹೋಗಿ, ಐದನೇ ಅಂಶ ತೆಗೆದುಹಾಕಿ ಹೊಸ ಹಾಳೆ ಮಾಡಿಸಿದೆ. ಅದರ ಜಾಗದಲ್ಲಿ ಬರೆಸಿದೆ: ರಫ್ ಹಾಳೆಯೇ ಕೊನೆಯದು. ಅದನ್ನೇ ತಿದ್ದಿ, ಅದನ್ನೇ ಇಟ್ಟುಕೊಳ್ಳಿ. ಯಾರದನ್ನೂ ಬೋರ್ಡಿನ ಮೇಲೆ ಬರೆಯಬೇಡಿ. ವರದಿಯ ಮೊದಲ ಪುಟದಲ್ಲೇ, ಹಿಂದಿನ ಸೂಚನೆ ನನ್ನದು, ತಪ್ಪು ನನ್ನದು, ಶಿಕ್ಷಕರು ಅದನ್ನು ಪಾಲಿಸಿದ್ದಾರೆ ಎಂದು ಬರೆದೆ. ಮೇಷ್ಟ್ರಿಗೆ ಫೋನಿನಲ್ಲಿ ಓದಿ ಹೇಳಿದೆ. ಇನ್ನೊಂದು ಸಲ ಓದಿಸಿಕೊಂಡು, "ಹಂಗಾದ್ರೆ ಕಳ್ಸಿ ಮೇಡಂ," ಎಂದರು.

ಫೆಬ್ರವರಿಯ ಕೊನೆಯ ವಾರದ ಒಂದು ಮಧ್ಯಾಹ್ನ ಹುಡುಗಿಯ ಒದ್ದೆ ಹಾಳೆಯನ್ನು ಇಸ್ತ್ರಿ ಮಾಡಿಕೊಂಡು ಹೆಡ್‌ಮಾಸ್ಟರ ಮುಂದೆ ಇಟ್ಟೆ. ಕನ್ನಡಕ ಏರಿಸಿ ಓದಿದರು.

"ಇದನ್ನ ಇವ್ಳೇ ಬರೆದ್ಳು ಅಂತ ಏನ್ ಗ್ಯಾರಂಟಿ? ಯಾವನ್ ಬರ್ಕೊಟ್ನೋ. ನನ್ ಮುಂದೆ ಬರೀಲಿ."

"ಆಗ್ಲಿ ಸಾರ್. ಪ್ರೊಜೆಕ್ಟರ್ ಹಾಕ್ತೀನಿ."

"ಅದು ಬ್ಯಾಡ. ನೀವು ತೋರ್ಸಿ ತೋರ್ಸಿ ಬಾಯಿಪಾಠ ಆಗೋಗಿರ್ತದೆ." ತಮ್ಮ ಫೋನ್ ತೆಗೆದು ಬೆರಳಾಡಿಸಿದರು. "ಇಕಾ, ಇದನ್ನ ನೋಡಿ ಬರೀಲಿ. ಹೋದ್ ವಾರ ನಮ್ ಜಮೀನಲ್ಲಿ ಶುಂಠಿ ತೊಳೆದ್ರಲ್ಲ, ನನ್ ಮಗ ತೆಗೆದಿದ್ದು. ಅರ್ಧ ಗಂಟೆ. ಒಂದ್ ಪುಟ."

ಅಷ್ಟು ಸಣ್ಣ ಪರದೆ, ಹೆಡ್‌ಮಾಸ್ಟರ ಕೋಣೆ, ಎದುರಿಗೆ ಅವರೇ. ನಾನಾಗಿದ್ದರೂ ಬರೆಯುತ್ತಿರಲಿಲ್ಲ. ಹುಡುಗಿಯನ್ನು ಕರೆಸಿ ಮೂಲೆಯ ಸ್ಟೂಲಿನ ಮೇಲೆ ಕೂರಿಸಿದರು. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಸಲ ನೋಡಿದಳು. "ಇನ್ನೊಂದ್ಸಲ ನೋಡ್ಲಾ ಸಾ?" ಎಂದಳು. ನೋಡಿದಳು. ಮೂರನೇ ಸಲ ಒಂದು ಕಡೆ ನಿಲ್ಲಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಹಾಳೆಯ ಮೇಲೆ ಬಗ್ಗಿದಳು.

ಹೆಡ್‌ಮಾಸ್ಟರು ಫೈಲು ನೋಡಿದರು. ಮೇಷ್ಟ್ರು ಬಾಗಿಲಲ್ಲಿ ಎರಡು ಸಲ ಸುಮ್ಮನೆ ಹಾದುಹೋದರು. ನಾನು ಕೈಯಲ್ಲಿದ್ದ ಬಸ್ ಟಿಕೆಟ್ಟನ್ನು ಸುರುಳಿ ಸುತ್ತಿ ಬಿಚ್ಚಿ ಸುತ್ತಿ ಚೂರು ಮಾಡಿದೆ. ಅರ್ಧ ಗಂಟೆ ನಲವತ್ತು ನಿಮಿಷವಾಯಿತು.

"ಸಾಕು ತತ್ತಾ," ಎಂದು ಹಾಳೆ ಇಸಿದುಕೊಂಡು ಎತ್ತಿ ಹಿಡಿದರು. "ಮುಕ್ಕಾಲು ಪುಟ ಮೇಡಂ. ಒಂದ್ ಪುಟ ಅಂತ ಮಾತಾಗಿತ್ತು."

"ಓದಿ ಸಾರ್ ಮೊದಲು," ಎಂದೆ. ದನಿ ನನ್ನದೇ ಎಂದು ನನಗೇ ಅನಿಸಲಿಲ್ಲ.

ಅವರು ಗಟ್ಟಿಯಾಗಿ ಓದತೊಡಗಿದರು. ಬಹುಶಃ ತಪ್ಪುಗಳನ್ನು ಎತ್ತಿ ತೋರಿಸಲಿಕ್ಕೇ. "ಎರಡು ಆಳು ಪೈಪು ಹಿಡಿದವರೆ. ನೀರು ಬಿದ್ದ ಕಡೆ ಶುಂಠಿ ಬಿಳಿ ಆಗ್ತದೆ. ಎಡ್ಮಾಸ್ಟರು ಸಾರು ಬದದ ಮೇಲೆ ನಿಂತು ಅಂಗೆ ಆಕಿ ಇಂಗೆ ಆಕಿ ಅಂತ ಕೈ ಮಾಡ್ತಾರೆ. ಯಾರೂ ಸಾರ್ ಕಡೆ ನೋಡಲ್ಲ." ಇಲ್ಲಿ ಒಮ್ಮೆ ಕೆಮ್ಮಿದರು. "ಹಿಂದೆ ಒಂದು ಅಜ್ಜಿ ಕೂತಿದೆ. ಅಜ್ಜಿ ಕೈಲಿ ಒಂದು ಶುಂಠಿ ಗಡ್ಡೆ ಇದೆ. ಅದನ್ನ ಮೇಲೆ ಎತ್ತಿ ಸಾರ್‌ಗೆ ತೋರ್ಸುತ್ತೆ. ಸಾರು ನೋಡಲಿಲ್ಲ. ಮತ್ತೆ ಎತ್ತುತ್ತೆ. ಮೂರು ಸಲ ಎತ್ತುತ್ತೆ. ಆಮೇಲೆ ಆ ಗಡ್ಡೆನ ಸೀರೆಗೆ ಒರೆಸಿ ಮಡಿಲಲ್ಲಿ ಇಕ್ಕೊಂಡು ಸುಮ್ಮನೆ..."

ಅಲ್ಲಿಗೆ ನಿಂತಿತ್ತು.

ಹೆಡ್‌ಮಾಸ್ಟರು ಫೋನ್ ತೆಗೆದುಕೊಂಡು ವಿಡಿಯೋ ಹಾಕಿದರು. ಮುಖಕ್ಕೆ ಹತ್ತಿರ ಹಿಡಿದು ನೋಡಿದರು. ಮತ್ತೆ ಹಾಕಿದರು. ಆಮೇಲೆ ಯಾರಿಗೋ ಫೋನ್ ಮಾಡಿದರು.

"ಅವ್ವಾ. ಊಟ ಆಯ್ತಾ. ಅಲ್ಲ, ಅವತ್ತು ಶುಂಠಿ ತೊಳೆವಾಗ ಗಡ್ಡೆ ಎತ್ತಿ ತೋರಿಸ್ತಿದ್ದಲ್ಲ, ಏನದು?"

ಆ ಕಡೆಯ ದನಿ ಕೋಣೆಗೆಲ್ಲ ಕೇಳಿಸಿತು. "ಈಗ ಕೇಳ್ತೀಯಲ್ಲಪ್ಪ, ಎಂಟು ದಿನ ಆದ್ಮೇಲೆ. ಬಿತ್ನೆಗೆ ಅಂತ ಬ್ಯಾರೆ ಇಕ್ಕಿದ್ ಗುಡ್ಡೇನೂ ಆಳುಗೋಳು ಎತ್ತಿ ನೀರಿಗಾಕ್ತಾವ್ರೆ, ನೋಡ್ಲಾ, ನೋಡ್ಲಾ ಅಂತ ಬಡ್ಕೊಂಡೆ. ನೀನು ವಿಡಿಯೋಕ್ಕೆ ನಿಂತಿದ್ದೆ."

"ಆಯ್ತು ಬುಡವ್ವ. ಸಂಜೆ ಬತ್ತೀನಿ," ಎಂದು ಫೋನ್ ಇಟ್ಟರು. ಬಿತ್ತನೆಯ ಶುಂಠಿಯನ್ನು ತೊಳೆದರೆ ಅದು ಉಳಿಯುವುದಿಲ್ಲ, ಕೊಳೆಯುತ್ತದೆ. ಅದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ಹೆಡ್‌ಮಾಸ್ಟರ ಮುಖ ನೋಡಿದರೆ ಸಾಕಿತ್ತು. ಹುಡುಗಿಯ ಹಾಳೆಯನ್ನು ಮೇಜಿನ ಗಾಜಿನ ಮೇಲಿಟ್ಟು ಅಂಗೈಯಿಂದ ಸವರಿದರು. "ಕಾಗುಣಿತ ಬಲು ಮೋಸ ಮೇಡಂ," ಎಂದರು. ಆಮೇಲೆ ಗಾಜು ಎತ್ತಿ ಚೀಟಿ ಎಳೆದು, ಹೆಸರಿನ ಮೇಲೆ ಅಡ್ಡ ಗೀಟು ಹಾಕಿದರು. ಒಂದು ಸಾಲದು ಎಂಬಂತೆ ಇನ್ನೊಂದು ಹಾಕಿದರು.

ಹುಡುಗಿ ಸ್ಟೂಲಿನಿಂದ ಎದ್ದು ಬಂದು ಕೈ ಚಾಚಿ ನಿಂತಳು.

"ಏನವ್ವ, ಆಯ್ತಲ್ಲ. ಹತ್ತಕ್ಕೆ ಓಗು."

"ಹಾಳೆ ಕೊಡಿ ಸಾ. ಇನ್ನೂ ಕಾಲು ಪುಟ ಅದೆ. ಅಜ್ಜಿ ಆಮೇಲೆ ಎದ್ದು ಓಗುತ್ತೆ, ಅದನ್ನ ಬರೀಬೇಕು."

ಅವರು ಹಾಳೆಯನ್ನೂ ಫೋನನ್ನೂ ಅವಳ ಕೈಗೆ ಕೊಟ್ಟರು. ಹೊರಗೆ ನನ್ನ ಬಸ್ಸಿನ ಹಾರನ್ ಕೇಳಿಸಿತು, ನಿಂತಿತು, ಹೊರಟಿತು. ಮೇಷ್ಟ್ರು ಒಳಗೆ ಬಂದು ಗೋಡೆಗೆ ಒರಗಿ ನಿಂತರು. ನ್ಯಾಯವಾಗಿ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ನಾನು ಚಿಂತೆ ಶುರು ಮಾಡಬೇಕಿತ್ತು. ಮಾಡಲಿಲ್ಲ. ಮೂವರು ದೊಡ್ಡವರೂ ಕಾದೆವು. ಅವಳು ನಿಧಾನವಾಗಿ, ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಬರೆದಳು.